ಬಿಡು ಅನ್ನುವ ತನಕ

ಗೇರಣ್ಣನ ಮನೆಯಲ್ಲಿ ಜೀಪಿಗೆ ಹಿರಿಸೊಸೆ ಎಂದು ಹೆಸರು. ಹೆಸರಿಟ್ಟವರು ಗೇರಣ್ಣನ ತಾಯಿ. ಮಗನ ಮದುವೆಗೆ ಒಂದು ವರ್ಷ ಮೊದಲೇ ಆ ಹಳೆಯ ಡೀಸೆಲ್ ಜೀಪು ಅಂಗಳಕ್ಕೆ ಬಂದು ನಿಂತಿತ್ತು. ಆಮೇಲೆ ಬಂದವಳು ತಾನಾಗಿಯೇ ಕಿರಿಸೊಸೆಯಾದಳು. "ಹಿರಿಯವಳು ಹೊಗೆ ಉಗುಳಿ ಸುಮ್ಮನಾಗ್ತಾಳೆ. ಕಿರಿಯವಳು ಅದನ್ನೂ ಉಗುಳಲ್ಲ, ಎಲ್ಲ ನುಂಗ್ಕೋತಾಳೆ" ಎಂದು ಅತ್ತೆ ಮನೆಗೆ ಬಂದವರ ಮುಂದೆ ಹೇಳುತ್ತಿದ್ದರು. ಬಂದವರು ನಗುತ್ತಿದ್ದರು. ಕಿರಿಸೊಸೆಯೂ ನಗುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅದೇ ಮಾತು, ಅದಕ್ಕೆ ಅದೇ ನಗು.

ಗೇರಣ್ಣ ಎನ್ನುವುದೂ ಅಡ್ಡಹೆಸರೇ. ಊರ ಹಿಂದಿನ ಬೆಟ್ಟದ ತುದಿಯಲ್ಲಿ ಒಂದು ಟವರ್ ಇದೆ. ಅಲ್ಲಿಗೆ ಹೋಗುವ ದಾರಿಯನ್ನು ರಸ್ತೆ ಎಂದರೆ ರಸ್ತೆಗೆ ಅವಮಾನ. ಒಂಬತ್ತು ತಿರುವು, ಸಡಿಲ ಕಲ್ಲು, ಒಂದು ಬದಿಗೆ ಬರಿಯ ಆಕಾಶ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲದೆ ಬೇರೆಯದು ಹತ್ತುವುದಿಲ್ಲ. ಟವರಿನ ಕೆಲಸದವರನ್ನು ವಾರಕ್ಕೆ ಎರಡು ಸಲ ಮೇಲೆ ಒಯ್ದು ಕೆಳಗೆ ತರುವುದು ಅವನ ಕೆಲಸ. ಯಾವ ತಿರುವಿಗೆ ಯಾವ ಗೇರು ಎಂದು ನಿದ್ದೆಯಲ್ಲೂ ಹೇಳಬಲ್ಲ. ಹೇಳಿದ್ದೂ ಇದೆ, ಹೆಂಡತಿ ಕೇಳಿದ್ದಾಳೆ.

ಜೀಪನ್ನು ಗ್ಯಾರೇಜಿಗೆ ಬಿಡುವುದು ಅವನಿಗೆ ಆಗಿಬರದು. "ಅವರ ಕೈಗೆ ಕೊಟ್ರೆ ಒಂದು ಸರಿ ಮಾಡಿ ಎರಡು ಕೆಡಿಸಿ ಕಳಿಸ್ತಾರೆ" ಎನ್ನುತ್ತಾನೆ. ಆಯಿಲ್ ಬದಲಿಸುವುದು, ಡೀಸೆಲ್ ಫಿಲ್ಟರ್ ಹಾಕುವುದು, ಗ್ರೀಸ್ ತುಂಬುವುದು, ಎಲ್ಲ ಅಂಗಳದ ತಗಡಿನ ಚಪ್ಪರದ ಕೆಳಗೇ. ಅಲ್ಲಿನ ನೆಲ ಎಣ್ಣೆ ಕುಡಿದು ಕುಡಿದು ಕಪ್ಪಗೆ ಚರ್ಮದ ಹಾಗೆ ಹೊಳೆಯುತ್ತದೆ. ಇವೆಲ್ಲ ಒಬ್ಬನ ಕೆಲಸ. ಒಂದು ಕೆಲಸಕ್ಕೆ ಮಾತ್ರ ಇಬ್ಬರು ಬೇಕು. ಅದು ಬ್ರೇಕಿನ ಗಾಳಿ ತೆಗೆಯುವುದು.

ಬ್ರೇಕಿನ ಕೊಳವೆಗಳಲ್ಲಿ ಎಣ್ಣೆ ಮಾತ್ರ ಇರಬೇಕು. ಒಂದು ಗುಳ್ಳೆ ಗಾಳಿ ಹೊಕ್ಕರೂ ಪೆಡಲು ಮೆತ್ತಗಾಗುತ್ತದೆ, ಒತ್ತಿದ ಬಲ ಚಕ್ರಕ್ಕೆ ಮುಟ್ಟುವುದಿಲ್ಲ. ಅದಕ್ಕಾಗಿ ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಕ್ರದ ಹಿಂಬದಿಯ ನಿಪ್ಪಲ್ ಎನ್ನುವ ಸಣ್ಣ ನಟ್ಟು ಸಡಿಲಿಸಿ, ಗುಳ್ಳೆಯ ಜೊತೆ ಎಣ್ಣೆಯನ್ನು ಬಾಟಲಿಗೆ ಇಳಿಸಿ, ಮತ್ತೆ ಬಿಗಿಮಾಡಬೇಕು. ಬಿಗಿಯಾಗುವ ತನಕ ಮೇಲಿನವರು ಕಾಲು ತೆಗೆಯುವ ಹಾಗಿಲ್ಲ. ತೆಗೆದರೆ ಹೊರಗೆ ಹೋದ ಗಾಳಿ ಒಳಗೆ ಬಂದಂತೆಯೇ. ಹಾಗಾಗಿ ಮೂರೇ ಮಾತು: ಒತ್ತು, ಹಿಡಿ, ಬಿಡು. ಮದುವೆಯಾದ ಎರಡನೇ ತಿಂಗಳಲ್ಲಿ ಗೇರಣ್ಣ ಈ ಮೂರು ಮಾತನ್ನು ಹೆಂಡತಿಗೆ ಕಲಿಸಿದ.

ಅವಳ ಕಾಲಿಗೆ ಅದು ಚೆನ್ನಾಗಿ ಒಗ್ಗಿತು. ಅದೇ ತಪ್ಪಾಯಿತೋ ಏನೋ. ಒಮ್ಮೆ ಅವಳಿಗೆ ಜ್ವರ ಬಂದಾಗ ಪಕ್ಕದ ಮನೆಯ ದರ್ಜಿಯನ್ನು ಕೂರಿಸಿ ನೋಡಿದ್ದ. ದರ್ಜಿ ಹೊಲಿಗೆ ಮಿಷನ್ ತುಳಿದ ಹಾಗೆ ಪಟಪಟನೆ ತುಳಿದು ಗೇರಣ್ಣನ ಮುಖಕ್ಕೆಲ್ಲ ಬ್ರೇಕ್ ಎಣ್ಣೆ ಚಿಮ್ಮಿಸಿದ. ಅಂದಿನಿಂದ ಗೇರಣ್ಣ ಬೇರೆ ಯಾರನ್ನೂ ಕರೆದಿಲ್ಲ. "ಇವಳ ಕಾಲಿನ ಹದ ಇನ್ನೊಬ್ಬರಿಗೆ ಬರಲ್ಲ ಮಾರಾಯ" ಎಂದು ಎಲ್ಲರೆದುರು ಹೊಗಳುತ್ತಾನೆ. ಮನಸಾರೆ ಹೊಗಳುತ್ತಾನೆ. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದಂತಾಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಆ ಡ್ರೈವರ್ ಸೀಟಿನಲ್ಲಿ ಅವಳು ಕೂತ ಹೊತ್ತನ್ನೆಲ್ಲ ಸೇರಿಸಿದರೆ ವಾರಗಳೇ ಆದಾವು. ಒಂದು ಗೇಣು ದೂರವೂ ಅವಳು ಆ ಗಾಡಿಯನ್ನು ಓಡಿಸಿಲ್ಲ.

ಓಡಿಸಲು ಬರುವುದಿಲ್ಲವೆಂದಲ್ಲ. ಎಂಟು ವರ್ಷದ ಹಿಂದೆ ಡ್ರೈವಿಂಗ್ ಕಲಿಸುವವರ ಸಣ್ಣ ಕಾರಿನಲ್ಲಿ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಗೇರಣ್ಣ ಬೇಡವೆಂದಿರಲಿಲ್ಲ. ಲೈಸೆನ್ಸ್ ಕೈಗೆ ಬಂದ ದಿನ ತಿರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದಿದ್ದ. ಅಷ್ಟೇ.

ಅವಳ ಹೊರಗಿನ ಕೆಲಸ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ. ಆಸ್ಪತ್ರೆಯ ಹಿಂಬದಿ, ನೀರಿನ ಟ್ಯಾಂಕಿನ ಕೆಳಗೆ ಒಂದು ಉದ್ದನೆಯ ಕೋಣೆ. ಎದೆಮಟ್ಟದ ಎರಡು ಹಂಡೆ, ಒಂದು ಹಿಂಡುವ ಯಂತ್ರ, ಗೋಡೆಯ ಮೇಲ್ತುದಿಯಲ್ಲಿ ಒಂದೇ ಒಂದು ಕಿಂಡಿ. ಹದಿನಾಲ್ಕು ವರ್ಷದಿಂದ ಅಲ್ಲಿ ಹಾಸಿಗೆಯ ಬಟ್ಟೆ, ಆಪರೇಷನ್ನಿನ ಹಸಿರು ಬಟ್ಟೆ ಕುದಿಸುತ್ತಿದ್ದಾಳೆ. ಆವಿಯಲ್ಲಿ ಎದುರು ನಿಂತವರ ಮುಖ ಕಾಣುವುದಿಲ್ಲ. ಬೆರಳ ತುದಿಯ ಚರ್ಮ ಸುಲಿದು ಸುಲಿದು ನುಣ್ಣಗಾಗಿ, ನೂಲು ಹಿಡಿದರೆ ಜಾರುತ್ತದೆ. ಆ ಕಿಂಡಿಯಿಂದ ಆಸ್ಪತ್ರೆಯ ಜೀಪು ನಿಲ್ಲುವ ಜಾಗ ಕಾಣುತ್ತದೆ. ಅದೂ ಹಳೆಯ ಡೀಸೆಲ್ ಗಾಡಿ, ಹಿರಿಸೊಸೆಯ ಖಾಸಾ ತಂಗಿಯಂಥದ್ದು. ಬೆಟ್ಟದ ಆಚೆಯ ಮನೆಗಳಿಗೆ ಔಷಧಿ, ಲಸಿಕೆ, ನರ್ಸುಗಳನ್ನು ಒಯ್ಯುವುದು ಅದೇ. ಬೆಳಿಗ್ಗೆ ಅದು ಹೊರಡುವುದನ್ನು ಅವಳು ದಿನವೂ ನೋಡುತ್ತಿದ್ದಳು. ಆಮೇಲೆ ಹಂಡೆಯ ಕಡೆ ತಿರುಗುತ್ತಿದ್ದಳು.

ಆ ಗಾಡಿಯ ಹಳೇ ಡ್ರೈವರ್ ಆ ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. ಆಸ್ಪತ್ರೆಯೊಳಗೇ ಲೈಸೆನ್ಸ್ ಇದ್ದವರು ಮುಂದಿನ ವಾರದ ಬುಧವಾರ ಮೂರು ಗಂಟೆಗೆ ಬಂದು ಗಾಡಿ ಓಡಿಸಿ ತೋರಿಸಬಹುದು ಎಂದು ದೊಡ್ಡ ಡಾಕ್ಟರಮ್ಮ ಚೀಟಿ ಅಂಟಿಸಿದರು. ಹೆಸರು ಕೊಟ್ಟವರು ಇಬ್ಬರೇ: ಗೇಟಿನ ವಾಚ್‌ಮನ್ ಮತ್ತು ಅವಳು. ಬುಧವಾರ ಅವಳ ವಾರದ ರಜೆ. ಎಲ್ಲ ಕೂಡಿಬಂದಂತೆ ಅವಳಿಗೆ ಅನಿಸಿತು.

ಹೆಸರು ಕೊಟ್ಟ ದಿನ ಸಂಜೆಯೇ ಗಂಡನಿಗೆ ಹೇಳಿದಳು. ಅವನು ಚಿಮಣಿ ಎಣ್ಣೆಯಲ್ಲಿ ಬೇರಿಂಗ್ ತೊಳೆಯುತ್ತಿದ್ದ. ತಲೆಯೆತ್ತದೆ, "ಹ್ಞೂಂ, ನೋಡೋಣ ಬಿಡು" ಎಂದ.

ಅವಳು "ನೋಡೋಣ" ಎನ್ನುವುದನ್ನು ಹಿಡಿದುಕೊಂಡಳು. ಅವನು "ಬಿಡು" ಎನ್ನುವಲ್ಲಿಗೆ ಮಾತು ಮುಗಿಸಿದ್ದ. ಹತ್ತು ದಿನ ಇಬ್ಬರೂ ತಮ್ಮ ತಮ್ಮ ಪಾಲಿನ ಮಾತನ್ನು ಇಟ್ಟುಕೊಂಡು ಓಡಾಡಿದರು.

ಬುಧವಾರ ಬೆಳಿಗ್ಗೆ ಗೇರಣ್ಣ ಜೀಪನ್ನು ಜಾಕಿಯಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ. ಮರುದಿನ ಬೆಳಿಗ್ಗೆ ಆರಕ್ಕೆ ಟವರಿನ ನಾಲ್ಕು ಜನ ಬರುವವರಿದ್ದರು. ಬರೀ ಆಯಿಲ್ ಕೆಲಸ, ಹನ್ನೆರಡಕ್ಕೆಲ್ಲ ಮುಗಿಯುತ್ತದೆ ಎಂದಿದ್ದ. ಎಂಜಿನ್ ಸ್ವಲ್ಪ ಬಿಸಿ ಮಾಡಿ ಅಡಿಯ ನಟ್ಟು ಬಿಚ್ಚಿದ. ಕಪ್ಪು ಆಯಿಲ್ ಬೋಗುಣಿಗೆ ಜಡೆಯ ಹಾಗೆ ಇಳಿಯಿತು. ಹೊಸ ಡೀಸೆಲ್ ಫಿಲ್ಟರ್ ಕೂರಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ನಿಂತು ಬರಿಯ ಡೀಸೆಲ್ ಬರುವ ತನಕ ಕಾದ. ಅವಳು ಅಡುಗೆ ಮುಗಿಸಿ, ಅತ್ತೆಗೆ ಬಡಿಸಿ, ಹೊರಡುವ ಬಟ್ಟೆಯನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದಳು. ಎರಡೂಕಾಲಿನ ಬಸ್ಸು ಸಿಕ್ಕಿದರೆ ಎರಡೂ ಮುಕ್ಕಾಲಿಗೆ ಆಸ್ಪತ್ರೆ.

ಹನ್ನೆರಡರ ಹೊತ್ತಿಗೆ ಅಂಗಳದಿಂದ "ಥತ್" ಎಂದದ್ದು ಕೇಳಿಸಿತು. ಹಿಂದಿನ ಎಡ ಚಕ್ರದ ಒಳಗೆ ಒದ್ದೆಯಾಗಿತ್ತು. ರಬ್ಬರು ಸವೆದು ಬ್ರೇಕ್ ಎಣ್ಣೆ ಜಿನುಗುತ್ತಿತ್ತು. ಗೇರಣ್ಣ ಡಬ್ಬಿಯಿಂದ ಹೊಸ ರಬ್ಬರು ತೆಗೆದು ಹಾಕಿದ. ಕೊಳವೆ ಬಿಚ್ಚಿದ ಮೇಲೆ ಗಾಳಿ ಹೊಕ್ಕೇ ಹೊಕ್ಕಿರುತ್ತದೆ.

"ಏ, ಬಾ ಇಲ್ಲಿ. ಹತ್ತು" ಎಂದು ಕೂಗಿದ.

ಅವಳು ಗಡಿಯಾರ ನೋಡಿದಳು. ಒಂದೂಕಾಲು. ನಾಲ್ಕು ಚಕ್ರಕ್ಕೆ ಮುಕ್ಕಾಲು ಗಂಟೆ. ಲೆಕ್ಕ ಕೂಡುತ್ತಿತ್ತು. ಹತ್ತಿ ಕೂತಳು. ಸೀಟಿನ ಹೊಲಿಗೆ ಬಿಟ್ಟ ಜಾಗ ತೊಡೆಗೆ ಎಂದಿನಂತೆ ಚುಚ್ಚಿತು. ಎದುರಿನ ಗಾಜಿನಲ್ಲಿ ಕಾಣುವುದು ಗೋಡೆ ಮಾತ್ರ. ಆ ಗೋಡೆಯ ಒಂದೊಂದು ಬಿರುಕೂ ಅವಳಿಗೆ ಗುರುತು.

"ಒತ್ತು." ಒತ್ತಿದಳು. "ಹಿಡಿ." ಹಿಡಿದಳು. ಕಾಲ ಕೆಳಗೆ ಪೆಡಲು ಮೆಲ್ಲನೆ ನೆಲಕ್ಕಿಳಿಯಿತು. "ಬಿಡು." ಬಿಟ್ಟಳು.

ಎಲ್ಲಕ್ಕಿಂತ ದೂರದ, ಹಿಂದಿನ ಎಡ ಚಕ್ರ ಮುಗಿಯಿತು, ಹಿಂದಿನ ಬಲ ಚಕ್ರ ಮುಗಿಯಿತು. ಮುಂದಿನ ಎಡ ಚಕ್ರದ ಕಡೆ ಅವನು ತೆವಳಿಕೊಂಡು ಬರುವುದು ಕಾಲಿಗೆ ತಾಗಿದ ಕಂಪನದಿಂದಲೇ ತಿಳಿಯಿತು. ಎರಡಕ್ಕೆ ಹತ್ತು ನಿಮಿಷ. ಮೆಟ್ಟಿಲ ಮೇಲೆ ಕಾಳು ಆರಿಸುತ್ತಿದ್ದ ಅತ್ತೆ, "ಹಿರಿಯವಳಿಗೆ ಇವತ್ತು ಸ್ನಾನ ಮುಗಿಯೋದೇ ಇಲ್ವೇನೋ" ಎಂದರು.

"ಒತ್ತು… ಹಿಡಿ."

ಹಿಡಿದುಕೊಂಡೇ ಅವಳು ಹೇಳಿದಳು. "ರೀ, ಎರಡೂಕಾಲಿನ ಬಸ್ಸಿಗೆ ನಾನು ಹೋಗ್ಬೇಕು."

"ಎಲ್ಲಿಗೆ?"

"ಆಸ್ಪತ್ರೆಗೆ. ಹೇಳಿದ್ದೆನಲ್ಲ, ಡ್ರೈವರ್ ಕೆಲಸದ್ದು. ಇವತ್ತೇ ಓಡಿಸಿ ನೋಡೋದು."

"ಓ, ಅದಾ" ಎಂದ ಕೆಳಗಿನಿಂದ. "ಬಿಡು."

ಅವಳು ಬಿಟ್ಟಳು.

ಪೆಡಲು ಮೇಲೆದ್ದ ಕ್ಷಣಕ್ಕೇ ಕೆಳಗೆ ಬಾಟಲಿ ಉರುಳಿದ ಸದ್ದು, ಅದರ ಹಿಂದೆಯೇ ಕೊಳವೆ ಗಾಳಿ ಹೀರಿದ ಸದ್ದು. ಮಗು ಪಾಯಸವನ್ನು ಸೊರ್ರೆಂದು ಎಳೆದಂತೆ ಉದ್ದಕ್ಕೆ ಹೀರಿತು.

"ಯಾಕೆ ಬಿಟ್ಟೆ?"

"ನೀವೇ ಬಿಡು ಅಂದ್ರಲ್ಲ."

"ಪೆಡಲ್ ಬಿಡು ಅಂದ್ನಾ? ನಟ್ಟು ಇನ್ನೂ ಬಿಗಿ ಮಾಡೇ ಇಲ್ಲ. ಆ ವಿಷಯ ಬಿಡು ಅಂದೆ."

"ಏನಂತೋ?" ಎಂದು ಅತ್ತೆ ಕಿವಿಗೆ ಕೈ ಕೊಟ್ಟರು.

"ಬಿಡು ಅಂದಿದ್ದಕ್ಕೆ ಬಿಟ್ಲಂತಮ್ಮ."

"ಬಿಡು ಅಂದ್ರೆ ಬಿಡದೆ ತಬ್ಕೊಂಡು ಕೂರ್ತಾಳಾ?"

ಗೇರಣ್ಣ ಹೊರಗೆ ಬಂದ. ಹುಬ್ಬಿನಿಂದ ಬ್ರೇಕ್ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುತ್ತ ಹೆಂಡತಿಯನ್ನು ನೋಡಿದ. ಅವಳ ಮುಖ ನೋಡಿದ ಮೇಲೆ ಅವನ ಸಿಟ್ಟು ಅರ್ಧಕ್ಕೆ ನಿಂತಿತು.

"ನಿಜವಾಗ್ಲೂ ಹೋಗೋದಿತ್ತಾ ನೀನು?"

"ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದೀನಿ."

"ಮತ್ತೆ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು?"

"ಹತ್ತು ದಿನದ ಹಿಂದೆ ಹೇಳಿದೆ. ನೋಡೋಣ ಅಂದ್ರಿ."

ಅವನು ಸ್ಪ್ಯಾನರನ್ನು ಎರಡು ಸಲ ಅಂಗೈಗೆ ಬಡಿದ. ಆಮೇಲೆ, "ಸರಿ, ಹೋಗು. ಹಿಂದಿನ ಎರಡು ಆಗಿದೆಯಲ್ಲ. ನಾಳೆ ಅಷ್ಟರಲ್ಲೇ ಮೆಲ್ಲಗೆ ಹೋಗಿ ಬರ್ತೀನಿ" ಎಂದ.

ತಮಾಷೆಯಾಗಿದ್ದರೆ ಚೆನ್ನಾಗಿತ್ತು. ಆದರೆ ಅವನು ಹಾಗೆ ಹೋಗುವವನೇ ಎಂದು ಅವಳಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಅವಳೂ ಜೊತೆಗಿದ್ದ ದಿನ, ಐದನೇ ತಿರುವಿನಲ್ಲಿ ಪೆಡಲು ನೆಲಕ್ಕೆ ಹೋಗಿ, ಅವನು ಗಾಡಿಯನ್ನು ಒಳಬದಿಯ ಮಣ್ಣಿನ ಗೋಡೆಗೆ ಒರೆಸಿ ನಿಲ್ಲಿಸಿದ್ದ. ಇಳಿದು ನೋಡಿದರೆ ಹೊರಬದಿಗೆ ಎರಡು ಮೊಳ ಜಾಗವಿರಲಿಲ್ಲ. ನಾಳೆ ಆ ಗಾಡಿಯಲ್ಲಿ ಐದು ಜನ. ಹೋಗು ಎಂದು ಅವನು ಹೇಳಿದ್ದು ಹೋಗುವ ದಾರಿಯಾಗಿರಲಿಲ್ಲ. ಅವನಿಗದು ತಿಳಿದಿತ್ತೋ ಇಲ್ಲವೋ, ಹತ್ತೊಂಬತ್ತು ವರ್ಷದಲ್ಲಿ ಅದನ್ನು ಅವಳಿಂದ ಕಂಡುಹಿಡಿಯಲಾಗಿಲ್ಲ.

"ಮಲ್ಕೊಳ್ಳಿ" ಎಂದಳು.

ಒಂದು ಕಡೆ ಗಾಳಿ ಹೊಕ್ಕರೆ ನಾಲ್ಕೂ ಚಕ್ರ ಮೊದಲಿನಿಂದ ಎನ್ನುವುದು ಗೇರಣ್ಣನ ಕಾನೂನು. ಮತ್ತೆ ದೂರದ ಚಕ್ರದಿಂದ ಶುರುವಾಯಿತು. ಎರಡೂಕಾಲಿಗೆ ಬೀದಿಯ ತುದಿಯಲ್ಲಿ ಬಸ್ಸು ಹಾರ್ನ್ ಹಾಕಿ, ಸ್ವಲ್ಪ ನಿಂತು, ಹೊರಟಿತು. ಆಗ ಅವಳ ಕಾಲು "ಹಿಡಿ"ಯಲ್ಲಿತ್ತು.

ಎರಡೂ ಮುಕ್ಕಾಲಿಗೆ ಪೆಡಲು ಕಲ್ಲಿನಂತೆ ನಿಂತಿತು. ಗೇರಣ್ಣನಿಗೆ ಹಿಗ್ಗು. ಚಕ್ರ ಕೂರಿಸಿ, ಗಾಡಿ ಕೆಳಗಿಳಿಸಿ, ಕೈಗೆ ಸೋಪು ಹಚ್ಚಿಕೊಳ್ಳುತ್ತ, "ಬೇಗ ಬಟ್ಟೆ ಹಾಕ್ಕೊಂಡು ಬಾ. ನಾನೇ ಕರ್ಕೊಂಡು ಹೋಗ್ತೀನಿ. ಮೂರೂಕಾಲಿಗೆ ಮುಟ್ಟಿಸ್ತೀನಿ" ಎಂದ. ಪ್ರೀತಿಯಿಂದಲೇ ಎಂದ.

"ನಾನು ಓಡಿಸ್ಲಾ? ಕೈ ಪಳಗುತ್ತೆ."

"ಈಗಷ್ಟೇ ಬ್ರೇಕ್ ಕೂರಿಸಿದೀನಿ ಕಣೇ. ಮೊದಲ ಸಲ ನಾನು ನೋಡ್ಬೇಕು."

ಅವಳು ಎಡಗಡೆ ಕೂತಳು. ಹೇಳಿದ ಹಾಗೆ ಮೂರೂಕಾಲಿಗೆ ಮುಟ್ಟಿಸಿದ.

ಆಸ್ಪತ್ರೆಯ ಅಂಗಳದಲ್ಲಿ ದೊಡ್ಡ ಡಾಕ್ಟರಮ್ಮ ಹಾಳೆ ಹಿಡಿದು ನಿಂತಿದ್ದರು. ವಾಚ್‌ಮನ್ ಆಗಲೇ ಓಡಿಸಿ ಮುಗಿಸಿ, ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಹಳೇ ಡ್ರೈವರ್ ಗೇರಣ್ಣನನ್ನು ನೋಡಿದ್ದೇ ಕೈ ಬೀಸಿದ.

"ದೇವರು ಬಂದ ಹಾಗೆ ಬಂದೆ ಕಣಯ್ಯ ಗೇರಣ್ಣ. ಈ ಗಾಡಿ ಬ್ರೇಕು ಬೆಳಿಗ್ಗೆಯಿಂದ ಮೆತ್ತಗೆ. ಎರಡು ಸಲ ತುಳಿದ್ರೇನೆ ಹಿಡಿಯೋದು."

"ಗಾಳಿ ಹಿಡಿದಿದೆ" ಎಂದ ಗೇರಣ್ಣ, ಕಣ್ಣು ಅರಳಿಸಿ. "ಒಂದು ನಿಮಿಷದ ಕೆಲಸ."

ಅವಳು ಬಾಯಿ ತೆರೆಯುವ ಮೊದಲೇ ಅವನು ತನ್ನ ಜೀಪಿನಿಂದ ಸ್ಪ್ಯಾನರು, ಪ್ಲಾಸ್ಟಿಕ್ ಕೊಳವೆ, ಬಾಟಲಿ ತಂದಾಗಿತ್ತು. ಆಸ್ಪತ್ರೆಯ ಗಾಡಿಯ ಕೆಳಗೆ ನುಸುಳಿ, ಹೊರಗೆ ಮೊಣಕಾಲಿನಿಂದ ಕೆಳಗಷ್ಟೇ ಉಳಿಸಿ, ಎಂದಿನ ದನಿಯಲ್ಲಿ ಕರೆದ. "ಬಾರೇ, ಹತ್ತು."

ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ಹತ್ತಿದಳು. ಹದಿನಾಲ್ಕು ವರ್ಷ ಕಿಂಡಿಯಿಂದ ನೋಡಿದ್ದ ಸೀಟು ಅದು. ಎದುರಿಗೆ ಗೋಡೆಯಿರಲಿಲ್ಲ. ತೆರೆದ ಗೇಟು, ಅದರಾಚೆ ರಸ್ತೆ, ರಸ್ತೆಯ ಮೇಲೆ ಹೋಗುವ ಒಬ್ಬ ಸೈಕಲ್ಲಿನವನು. ಬೀಗದ ಕೈ ಅದರ ಜಾಗದಲ್ಲೇ ನೇತಾಡುತ್ತಿತ್ತು. ಕೆಳಗೆ, ಚಕ್ರಗಳ ನಡುವೆ, ಗಂಡ ಮಲಗಿದ್ದ.

"ಒತ್ತು."

ಒತ್ತಿದಳು.

"ಇವರಿಗೆ ಇದೂ ಬರುತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಗೇರಣ್ಣನ ಅರ್ಧ ಗ್ಯಾರೇಜೇ ಇವರು ಮೇಡಂ" ಎಂದ ಹಳೇ ಡ್ರೈವರ್. ವಾಚ್‌ಮನ್ ನಕ್ಕ.

"ಕಾಲಿನ ಹದ ಅಂದ್ರೆ ಇವಳದ್ದೇ" ಎಂದು ಕೆಳಗಿನಿಂದ ಗೇರಣ್ಣ ದನಿಗೂಡಿಸಿದ. "ಹಿಡಿ."

ಹಿಡಿದಳು. ಡಾಕ್ಟರಮ್ಮ ಕೈಗಡಿಯಾರ ನೋಡಿದರು. "ನಾಲ್ಕಕ್ಕೆ ನನಗೆ ಹೆರಿಗೆ ವಾರ್ಡಿದೆ. ಎಷ್ಟು ಹೊತ್ತಾಗುತ್ತೆ?"

"ಇದೊಂದು ಚಕ್ರ ಆಯ್ತು ಮೇಡಂ. ಇನ್ನು ಮೂರೇ."

ಇನ್ನು ಮೂರು ಎಂದರೆ ಅರ್ಧ ಗಂಟೆಗೂ ಮೇಲೆ. ಆಗ ಮೂರೂವರೆ. ಅವಳಿಗೆ ಲೆಕ್ಕ ಕೂಡಲಿಲ್ಲ.

"ರೀ, ಮೇಲೆ ಬನ್ನಿ. ನಾನು ಒಂದು ಸುತ್ತು ಹೋಗಿ ಬರ್ತೀನಿ, ಆಮೇಲೆ ಮಾಡೋಣ."

"ಇಂಥ ಬ್ರೇಕಲ್ಲಾ? ತಲೆ ಕೆಟ್ಟಿದ್ಯಾ?"

"ವಾಚ್‌ಮನ್ ಇದೇ ಬ್ರೇಕಲ್ಲಿ ಓಡಿಸಿದ್ರು."

"ಅವನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಲ್ಲ."

ಅವನು ಹೇಳಿದ್ದು ಸರಿಯೇ ಇತ್ತು. ಗೊತ್ತಿಲ್ಲದವನು ಓಡಿಸಿ ಬಂದಿದ್ದ, ಗೊತ್ತಿದ್ದವಳು ಪೆಡಲಿನ ಮೇಲೆ ಕಾಲಿಟ್ಟು ಕೂತಿದ್ದಳು.

ಡಾಕ್ಟರಮ್ಮ ಹಾಳೆ ಮಡಿಸಿದರು. "ಸರಿ, ಗಾಡಿ ರಿಪೇರಿಯಾಗೋದೂ ಮುಖ್ಯ. ಇವರದ್ದು ಇನ್ನೊಂದು ದಿನ ನೋಡೋಣ" ಎಂದು ಹಳೇ ಡ್ರೈವರಿಗೆ ಹೇಳಿ ಹೊರಟರು. ಅವರ ಚಪ್ಪಲಿ ಜಗಲಿಯ ಮೇಲೆ ಟಪಟಪ ಸದ್ದು ಮಾಡಿತು.

ಕೆಳಗೆ ಗೇರಣ್ಣ ನಟ್ಟು ಬಿಗಿಮಾಡಿ ಮುಂದಿನ ಚಕ್ರಕ್ಕೆ ತೆವಳುತ್ತಿದ್ದ. ಆ ಒಂದು ನಿಮಿಷ ಪೆಡಲಿಗೆ ಯಾರ ಕಾಲೂ ಬೇಕಾಗಿರಲಿಲ್ಲ. ಅವಳು ಇಳಿದಳು. ಓಡಲಿಲ್ಲ, ಆದರೆ ನಡೆದದ್ದೂ ಅಲ್ಲ. ವಾರ್ಡಿನ ಬಾಗಿಲ ಹತ್ತಿರ ಡಾಕ್ಟರಮ್ಮನನ್ನು ಹಿಡಿದಳು.

"ಮೇಡಂ, ಇನ್ನೊಂದು ದಿನ ಅಂದ್ರೆ ಯಾವತ್ತು?"

"ನೋಡೋಣಮ್ಮ, ಹೇಳಿ ಕಳಿಸ್ತೀನಿ."

"ಹಾಗಲ್ಲ. ದಿನ ಹೇಳಿ."

ಡಾಕ್ಟರಮ್ಮ ನಿಂತರು. ಬಟ್ಟೆಕೋಣೆಯ ಈ ಹೆಂಗಸು ಇಷ್ಟು ವರ್ಷದಲ್ಲಿ ತಮ್ಮೊಡನೆ ಮೂರು ಶಬ್ದಕ್ಕಿಂತ ಹೆಚ್ಚು ಮಾತಾಡಿದ್ದು ಅವರಿಗೆ ನೆನಪಿರಲಿಲ್ಲ. ಅಂಗಳದಿಂದ ಗೇರಣ್ಣನ ದನಿ ಬಂತು. "ಒತ್ತು." ಸ್ವಲ್ಪ ಬಿಟ್ಟು ಮತ್ತೆ, "ಏ, ಒತ್ತೇ. ಎಲ್ಲಿ ಹೋದ್ಲು ಇವಳು?"

"ನಿಮ್ಮ ಯಜಮಾನ್ರು ಕರೀತಿದ್ದಾರೆ."

"ಕರೀಲಿ ಮೇಡಂ. ನೀವು ದಿನ ಹೇಳಿ. ವಾಚ್‌ಮನ್ ಹೆಸರು ಬರೆಯೋಕೆ ಮುಂಚೆ."

ಒಳಗಿನಿಂದ ನರ್ಸೊಬ್ಬಳು ಇಣುಕಿ ನೋಡಿ ಹಿಂದೆ ಸರಿದಳು. ಡಾಕ್ಟರಮ್ಮ ಹಾಳೆಯನ್ನು ಮತ್ತೆ ಬಿಡಿಸಿ, ಗೋಡೆಗೆ ಒತ್ತಿ ಹಿಡಿದು, ಜೇಬಿನಿಂದ ಪೆನ್ನು ತೆಗೆದರು.

"ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ. ಆಗ್ಬಹುದಾ?"

ಶುಕ್ರವಾರ ಆಪರೇಷನ್ನಿನ ದಿನ. ಬೆಳಿಗ್ಗೆ ಏಳಕ್ಕೇ ಎರಡೂ ಹಂಡೆಗೆ ಬೆಂಕಿ ಹಾಕಬೇಕು. ಹತ್ತಕ್ಕೆ ಹಸಿರು ಬಟ್ಟೆಯ ಮೊದಲ ಗಂಟು ಮೇಲೆ ಹೋಗಿರಬೇಕು, ತಡವಾದರೆ ಇದೇ ಡಾಕ್ಟರಮ್ಮ ಹೇಳಿ ಕಳಿಸುತ್ತಾರೆ. ಬಟ್ಟೆಕೋಣೆಯಲ್ಲಿ ಅವಳ ಬದಲಿಗೆ ನಿಲ್ಲುವವರು ಯಾರೂ ಇಲ್ಲ. ಡಾಕ್ಟರಮ್ಮನಿಗೆ ಅದು ಹೊಳೆದಿರಲಿಲ್ಲ.

"ಆಗುತ್ತೆ. ಬರ್ಕೊಳ್ಳಿ" ಎಂದಳು.

ಅವರು ಬರೆಯುವ ತನಕ ನಿಂತಳು. ಬರೆದದ್ದನ್ನು ಓದಿದಳು. ಆಮೇಲೆ, ನಾಳೆ ಆ ಗಾಡಿಯಲ್ಲಿ ನರ್ಸುಗಳು ಬೆಟ್ಟದ ಆಚೆ ಹೋಗುವವರಿದ್ದುದರಿಂದ, ತಿರುಗಿ ಅಂಗಳಕ್ಕೆ ಬಂದು ಸೀಟಿಗೆ ಹತ್ತಿದಳು.